ಹರ್ಮಪೊಲ್ಲೋನ್ ಹಡಗಿನ ಲೆಕ್ಕ ಮತ್ತು ನಮ್ಮ ಕರಾವಳಿ

(ಕರಾವಳಿಯ ಒಂದು ಕಾಲೇಜಿನಲ್ಲಿ ಇತಿಹಾಸದ ವಿದ್ಯಾರ್ಥಿಗಳಿಗೂ ಊರಿನ ಆಸಕ್ತರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ರೋಮ್ ಮತ್ತು ದಕ್ಷಿಣ ಭಾರತದ ನಡುವಿನ ಪ್ರಾಚೀನ ಕಡಲ ವ್ಯಾಪಾರ. ಪೀಠಿಕೆ ಬೇಡ, ನೇರವಾಗಿ ಒಂದು ಸಾಲಪತ್ರದಿಂದಲೇ ಶುರು ಮಾಡುತ್ತೇನೆ.

ವಿಯೆನ್ನಾದಲ್ಲಿರುವ ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಈಜಿಪ್ಟಿನಿಂದ ಬಂದ ಒಂದು ಪಪೈರಸ್ ಹಾಳೆ ಇದೆ. ಪಪೈರಸ್ ಅಂದರೆ ನೈಲ್ ನದಿಯ ಜೊಂಡಿನಿಂದ ಮಾಡುತ್ತಿದ್ದ ಕಾಗದ. ಹಾಳೆ ಹರಿದು ಹೋಗಿದೆ. ಸಾಲ ಕೊಟ್ಟವರ ಹೆಸರೂ ಇಲ್ಲ, ತಗೊಂಡವರ ಹೆಸರೂ ಇಲ್ಲ. ಭಾಷೆ ಗ್ರೀಕ್, ಕಾಲ ಕ್ರಿ.ಶ. ಎರಡನೇ ಶತಮಾನದ ನಡುಭಾಗ. 1985ರಲ್ಲಿ ಹರ್ಮನ್ ಹರೌವರ್ ಮತ್ತು ಪೀಟರ್ ಸೈಪೆಸ್ಟೈನ್ ಎಂಬ ಇಬ್ಬರು ವಿದ್ವಾಂಸರು ಇದನ್ನು ಓದಿ ಪ್ರಕಟಿಸಿದರು.

ಹಾಳೆಯ ಒಂದು ಮಗ್ಗುಲಲ್ಲಿ ಕರಾರು. ಸಾಲ ತಗೊಂಡವನು ಹೇಳುತ್ತಾನೆ: ಸರಕನ್ನು ನಂಬಿಕಸ್ಥ ಒಂಟೆಯವನ ಕೈಗೆ ಒಪ್ಪಿಸುತ್ತೇನೆ. ಕಾವಲು ಹಾಕಿಸಿ ಮರಳುಗಾಡು ದಾಟಿಸಿ ನೈಲ್ ದಡದ ಕೊಪ್ಟೋಸ್ ಊರಿಗೆ ತಲುಪಿಸುತ್ತೇನೆ. ಅಲ್ಲಿಯ ಸುಂಕದ ಉಗ್ರಾಣದಲ್ಲಿ ನಿಮ್ಮ ಮೊಹರಿನಡಿ ಇಡುತ್ತೇನೆ. ಆಮೇಲೆ ನದಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಸಾಗಿಸುತ್ತೇನೆ. ಅಲ್ಲೂ ನಿಮ್ಮದೇ ಮೊಹರು. ಮುಜಿರಿಸ್‌ಗೆ ಸಂಬಂಧಪಟ್ಟ ಸಾಲದ ಕರಾರಿನಲ್ಲಿ ಹೇಳಿದ ದಿನಕ್ಕೆ ಹಣ ತೀರಿಸದಿದ್ದರೆ, ಅಡವಿಟ್ಟ ಸರಕು ನಿಮ್ಮ ಪಾಲು.

ಆ ಮುಜಿರಿಸ್ ನಮ್ಮ ನೆರೆಯ ಕೇರಳದ ಬಂದರು. ತಮಿಳು ಹಾಡುಗಳ ಮುಚಿರಿ. ಪೆರಿಯಾರ್ ನದಿಯ ದಡದಲ್ಲಿತ್ತು.

ಹಾಳೆಯ ಹಿಂಬದಿಯಲ್ಲಿ ಬೇರೊಂದು ಕೈಬರಹದ ಲೆಕ್ಕವಿದೆ. 'ಹರ್ಮಪೊಲ್ಲೋನ್' ಎಂಬ ಹಡಗಿನಲ್ಲಿ ಬಂದ ಸರಕಿನ ಲೆಕ್ಕ. ಗಂಗೆಯ ಕಡೆಯ ಜಟಾಮಾಂಸಿ ಎಂಬ ಸುಗಂಧದ ಬೇರು 60 ಪೆಟ್ಟಿಗೆ. ಆನೆದಂತ, ಈಚಿನ ಓದಿನ ಪ್ರಕಾರ, 167. ಜೊತೆಗೆ ದಂತದ ತುಂಡುಗಳು. ರೋಮನ್ ಸರ್ಕಾರ ಪೂರ್ವದ ಸರಕಿನ ಮೇಲೆ ನಾಲ್ಕನೇ ಒಂದು ಪಾಲನ್ನು ಸುಂಕವಾಗಿ ಎತ್ತುತ್ತಿತ್ತು. ಅದನ್ನು ಕಳೆದ ಮೇಲೂ ಆ ಒಂದೇ ಹಡಗಿನ ಸರಕಿನ ಬೆಲೆ 1154 ಟ್ಯಾಲೆಂಟ್, 2852 ದ್ರಾಕ್ಮಾ. ಒಂದು ಟ್ಯಾಲೆಂಟಿಗೆ 6000 ದ್ರಾಕ್ಮಾ. ಗುಣಿಸಿ ನೋಡಿ, 69 ಲಕ್ಷ ದ್ರಾಕ್ಮಾ ದಾಟುತ್ತದೆ. ಈಜಿಪ್ಟಿನ ಒಂದು ದ್ರಾಕ್ಮಾ ಹೆಚ್ಚುಕಡಿಮೆ ರೋಮಿನ ಒಂದು ಸೆಸ್ಟರ್ಸ್‌ಗೆ ಸಮ. ಆ ಕಾಲದಲ್ಲಿ ರೋಮನ್ ಸೈನ್ಯದ ಒಬ್ಬ ಕಾಲಾಳಿಗೆ ವರ್ಷಕ್ಕೆ 1200 ಸೆಸ್ಟರ್ಸ್ ಸಂಬಳ. ಅಂದರೆ ಒಂದು ಹಡಗಿನ ಸರಕಿನಲ್ಲಿ 5000ಕ್ಕೂ ಹೆಚ್ಚು ಸೈನಿಕರ ಇಡೀ ವರ್ಷದ ಸಂಬಳ!

ಈ ಹಾಳೆಯನ್ನೇ ಮೊದಲು ಹಿಡಿದುಕೊಂಡಿದ್ದಕ್ಕೆ ಕಾರಣವಿದೆ. ಪ್ರಾಚೀನ ವ್ಯಾಪಾರದ ಮಾತು ಬಂದಾಗ ನಮ್ಮಲ್ಲಿ ಎರಡು ಚಾಳಿ ಕಾಣುತ್ತದೆ. ಒಂದು, ನಮ್ಮವರು ಲೋಕವನ್ನೇ ಆಳುತ್ತಿದ್ದರು ಅಂತ ಉಬ್ಬಿ ಹೇಳುವುದು. ಇನ್ನೊಂದು, ರೋಮನ್ನರು ಬಂದು ನಮ್ಮ ದಡದಲ್ಲಿ ಊರು ಕಟ್ಟಿ ವ್ಯಾಪಾರ ಕಲಿಸಿದರು ಅನ್ನುವುದು. ಎರಡಕ್ಕೂ ಆಧಾರ ಸಾಲದು. ಈ ಸಾಲಪತ್ರ ಬರೆಸಿದವನಿಗೆ ಯಾರ ಹೆಗ್ಗಳಿಕೆಯೂ ಬೇಕಿರಲಿಲ್ಲ. ಮೊಹರು ಸರಿಯಾಗಿದೆಯಾ, ಒಂಟೆಯವನು ನಂಬಿಕಸ್ಥನಾ, ದುಡ್ಡು ವಾಪಸ್ ಬರುತ್ತಾ, ಇಷ್ಟೇ ಅವನ ಚಿಂತೆ. ಅದಕ್ಕೇ ಅವನ ಮಾತಿಗೆ ತೂಕ ಜಾಸ್ತಿ. ಇಂಥ ಸಾಕ್ಷಿಗಳು ಕಡಲಿನ ಎರಡೂ ದಡದಲ್ಲಿ ಸಿಕ್ಕಿವೆ. ಎರಡೂ ದಡದ್ದನ್ನು ಅಕ್ಕಪಕ್ಕ ಇಟ್ಟು ಓದಬೇಕು ಅನ್ನುವುದೇ ಇವತ್ತು ನಾನು ಹೇಳಬೇಕೆಂದಿರುವ ವಿಷಯ. ಒಂದೇ ದಡ ನೋಡಿದರೆ ಕಥೆ ಅರ್ಧ.

ಇನ್ನು ಗಾಳಿಯ ವಿಷಯ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್, ಜುಲೈನಲ್ಲಿ ಇಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಿಂದೆ ಸರ್ಕಾರದ ನಿಷೇಧ ಇಲ್ಲದ ಕಾಲದಲ್ಲೂ ಮಳೆಗಾಲದಲ್ಲಿ ದೋಣಿ ದಡಕ್ಕೆಳೆದಿಡುತ್ತಿದ್ದರು. ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರ ಪೂಜೆ ಮಾಡಿ, ತೆಂಗಿನಕಾಯಿ ಅರ್ಪಿಸಿ, ಆಮೇಲೆ ಕಡಲಿಗಿಳಿಯುವುದು. ಎರಡು ಸಾವಿರ ವರ್ಷದ ಹಿಂದಿನ ಹಡಗಿನವರೂ ಇದೇ ಲೆಕ್ಕದಲ್ಲಿ ಬರುತ್ತಿದ್ದರು. ಜುಲೈ ಸುಮಾರಿಗೆ ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬಿಟ್ಟು, ಏಡನ್ ಕೊಲ್ಲಿ ದಾಟಿ, ನೈರುತ್ಯ ಮಾರುತವನ್ನು ಬೆನ್ನಿಗೆ ಹಾಕಿಕೊಂಡು ನಡುಗಡಲಿಗೆ ಬೀಳುವುದು. ಇಲ್ಲಿಗೆ ತಲುಪುವ ಹೊತ್ತಿಗೆ ಅಬ್ಬರ ಇಳಿದಿರಬೇಕು. ಮೊದಲೇ ಬಂದರೆ ದಡಕ್ಕೆ ಬಡಿದು ಒಡೆಯುತ್ತದೆ. ಆಮೇಲೆ ಗಾಳಿ ತಿರುಗುವವರೆಗೆ ಇಲ್ಲೇ ಇದ್ದು, ಚಳಿಗಾಲದ ಈಶಾನ್ಯ ಮಾರುತದಲ್ಲಿ ವಾಪಸ್. ಅರೇಬಿಯಾ ತುದಿಯ ಒಕೆಲಿಸ್‌ನಿಂದ ಮುಜಿರಿಸ್‌ಗೆ 40 ದಿನ ಅಂತ ರೋಮಿನ ಲೇಖಕ ಪ್ಲಿನಿ ಬರೆಯುತ್ತಾನೆ.

ಈ ಗಾಳಿಯನ್ನು ಹಿಪ್ಪಾಲಸ್ ಎಂಬ ಗ್ರೀಕ್ ನಾವಿಕ ಕಂಡುಹಿಡಿದ ಅಂತ ಪಠ್ಯಪುಸ್ತಕಗಳಲ್ಲಿ ಓದಿರುತ್ತೀರಿ. ಗ್ರೀಕರದೇ ಇನ್ನೊಂದು ಕಥೆ ಕೇಳಿ. ಭೂಗೋಳದ ಪುಸ್ತಕ ಬರೆದ ಸ್ಟ್ರೇಬೋ ಇದನ್ನು ಹೇಳುತ್ತಾನೆ, ಸ್ವಲ್ಪ ಅನುಮಾನದಿಂದಲೇ. ಕ್ರಿ.ಪೂ. ಎರಡನೇ ಶತಮಾನದ ಕೊನೆಯಲ್ಲಿ ಕೆಂಪು ಸಮುದ್ರದ ಕಾವಲಿನವರಿಗೆ ಒಂದು ಹಡಗಿನಲ್ಲಿ ಅರೆಜೀವದ ಒಬ್ಬನೇ ಒಬ್ಬ ಭಾರತೀಯ ಸಿಕ್ಕ. ಜೊತೆಯವರೆಲ್ಲ ಹಸಿವಿನಿಂದ ಸತ್ತಿದ್ದರು. ಅವನಿಗೆ ಗ್ರೀಕ್ ಕಲಿಸಿದರು. ಕಲಿತ ಮೇಲೆ ಅವನು, ನನ್ನ ಊರಿಗೆ ದಾರಿ ತೋರಿಸುತ್ತೇನೆ ಅಂದ. ಯುಡಾಕ್ಸಸ್ ಎಂಬ ನಾವಿಕ ಅವನ ಹಿಂದೆ ಭಾರತಕ್ಕೆ ಬಂದು, ಸುಗಂಧ ದ್ರವ್ಯ ಮತ್ತು ಹರಳುಗಳನ್ನು ತುಂಬಿಕೊಂಡು ಹೋದ. ಆ ಭಾರತೀಯನ ಹೆಸರನ್ನು ಯಾರೂ ಬರೆದಿಡಲಿಲ್ಲ. ನನಗೆ ಇದು ನೋವಿನ ವಿಷಯ. ಗ್ರೀಕರಿಗೆ ಗೊತ್ತಾಗುವ ಮೊದಲೇ ಈ ಗಾಳಿ ನಮ್ಮ ಕಡಲಿನವರಿಗೆ ಗೊತ್ತಿತ್ತು ಅನ್ನುವುದು ಗ್ರೀಕರ ಈ ಕಥೆಯಲ್ಲೇ ಇದೆ, ಅಲ್ವಾ?

ರೋಮ್ ಈಜಿಪ್ಟನ್ನು ಗೆದ್ದದ್ದು ಕ್ರಿ.ಪೂ. 30ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಕೆಂಪು ಸಮುದ್ರದ ಮಯೋಸ್ ಹೋರ್ಮೋಸ್ ಬಂದರಿನಿಂದ ಭಾರತಕ್ಕೆ 120 ಹಡಗು ಹೋಗುತ್ತಿವೆ ಅಂತ ಅದೇ ಸ್ಟ್ರೇಬೋ ಬರೆಯುತ್ತಾನೆ. ಮೊದಲು ತೀರಾ ಕೆಲವರಷ್ಟೇ ಹೋಗುತ್ತಿದ್ದರಂತೆ. ಪ್ಲಿನಿಗೆ ಇದು ಹೊಟ್ಟೆಯುರಿ. ಭಾರತ ನಮ್ಮಿಂದ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಸೆಳೆಯುತ್ತಿದೆ, ಆ ಸರಕು ಇಲ್ಲಿ ನೂರು ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ ಅಂತ ಅವನ ದೂರು. ಪ್ಲಿನಿಗೆ ಐಷಾರಾಮವನ್ನು ಬೈಯುವುದು ಇಷ್ಟದ ಕೆಲಸ, ಹಾಗಾಗಿ ಈ ಅಂಕಿಯನ್ನು ನಾನು ಅಕ್ಷರಶಃ ನಂಬುವುದಿಲ್ಲ. ಆದರೆ ಅವನು ಕೊಡುವ ಪೇಟೆ ಧಾರಣೆ ಬೇರೆ ಮಾತು. ಕರಿಮೆಣಸು ಒಂದು ರೋಮನ್ ಪೌಂಡಿಗೆ 4 ದಿನಾರಿ, ಬಿಳಿ ಮೆಣಸು 7, ಹಿಪ್ಪಲಿ 15. ಒಂದು ದಿನಾರಿಗೆ 4 ಸೆಸ್ಟರ್ಸ್. ಕರಿಮೆಣಸು ಸಾಹುಕಾರರಿಗೆ ಮಾತ್ರ ಎಟಕುವ ವಸ್ತುವಾಗಿರಲಿಲ್ಲ. ಇಂಗ್ಲೆಂಡಿನ ಉತ್ತರ ಗಡಿಯ ವಿಂಡೊಲಾಂಡಾ ಕೋಟೆಯಲ್ಲಿ ತೆಳು ಮರದ ಹಲಗೆಗಳ ಮೇಲೆ ಬರೆದ ಲೆಕ್ಕಪತ್ರಗಳು ಸಿಕ್ಕಿವೆ. ಅದರಲ್ಲಿ ಒಬ್ಬನ ಹೆಸರಿನ ಮುಂದೆ ಮೆಣಸು, 2 ದಿನಾರಿ ಅಂತಿದೆ. ಸುಮಾರು ಕ್ರಿ.ಶ. 100ರ ಮಾತು. ಮಲಬಾರಿನ ಬಳ್ಳಿಯಲ್ಲಿ ಬಿಟ್ಟ ಕಾಳು, ಮಂಜು ಸುರಿಯುವ ಆ ಗಡಿಕೋಟೆಯವರೆಗೆ ಹೋಗಿದೆ.

ಇದೇ ಕಾಲದ ಇನ್ನೊಂದು ಬರಹ 'ಪೆರಿಪ್ಲಸ್'. ಕ್ರಿ.ಶ. ಒಂದನೇ ಶತಮಾನದ ನಡುವೆ, ಈಜಿಪ್ಟಿನಲ್ಲಿದ್ದ ಒಬ್ಬ ವ್ಯಾಪಾರಿ ಗ್ರೀಕಿನಲ್ಲಿ ಬರೆದ ಕೈಪಿಡಿ. ಯಾವ ಬಂದರಿನಲ್ಲಿ ಏನು ಮಾರಬಹುದು, ಏನು ಕೊಳ್ಳಬಹುದು, ಎಲ್ಲಿ ಎಚ್ಚರ ಬೇಕು, ಅಷ್ಟೇ. ಮುಜಿರಿಸ್ ಮತ್ತು ಪಕ್ಕದ ನೆಲ್ಕಿಂಡಾಕ್ಕೆ ಒಯ್ಯಬೇಕಾದ್ದು ಮುಖ್ಯವಾಗಿ ನಾಣ್ಯ. ಜೊತೆಗೆ ಬಟ್ಟೆ, ಹವಳ, ಕಚ್ಚಾ ಗಾಜು, ತಾಮ್ರ, ತವರ, ಸೀಸ, ಸ್ವಲ್ಪ ದ್ರಾಕ್ಷಾರಸ. ತರಬೇಕಾದ್ದು ಮೆಣಸು, ಮುತ್ತು, ದಂತ, ರೇಷ್ಮೆ, ಜಟಾಮಾಂಸಿ, ವಜ್ರ, ಆಮೆಚಿಪ್ಪು. ಈ ಪಟ್ಟಿಯಲ್ಲಿ ಒಂದು ಸಣ್ಣ ಮಾತಿದೆ. ಹಡಗಿನವರಿಗೆ ಸಾಲುವಷ್ಟು ಗೋಧಿ ಒಯ್ಯಿರಿ, ಯಾಕಂದರೆ ಅಲ್ಲಿಯ ವ್ಯಾಪಾರಿಗಳು ಗೋಧಿ ಬಳಸುವುದಿಲ್ಲ.

ಈಗ ಆಚೆ ದಡಕ್ಕೆ ಹೋಗೋಣ. ಈಜಿಪ್ಟಿನ ಕೆಂಪು ಸಮುದ್ರದ ದಡದಲ್ಲಿ ಬೆರೆನಿಕೆ ಅಂತ ಪಾಳುಬಿದ್ದ ಬಂದರಿದೆ. 1994ರಿಂದ ಅಲ್ಲಿ ಸ್ಟೀವನ್ ಸೈಡ್‌ಬಾಟಮ್ ಮತ್ತು ಜೊತೆಯವರು ಉತ್ಖನನ ಮಾಡುತ್ತಿದ್ದಾರೆ. ಒಣ ಮರಳುಗಾಡು ಆದ್ದರಿಂದ ನಮ್ಮಲ್ಲಿ ಮಳೆಗೆ ಕೊಳೆತು ಹೋಗುವ ವಸ್ತುಗಳೆಲ್ಲ ಅಲ್ಲಿ ಉಳಿದಿವೆ. ಸೆರಾಪಿಸ್ ದೇವಾಲಯದ ಅಂಗಳದ ನೆಲದಲ್ಲಿ ಹೂತಿದ್ದ ಒಂದು ದೊಡ್ಡ ಮಡಕೆ ಸಿಕ್ಕಿತು. ಮಡಕೆ ಭಾರತದ್ದು. ಒಳಗೆ ಏಳೂವರೆ ಕಿಲೋಗೂ ಹೆಚ್ಚು ಕರಿಮೆಣಸು, ಕಾಳು ಕಾಳಾಗಿ. ಕಟ್ಟಡಗಳ ಗೋಡೆಯಲ್ಲಿ ತೇಗದ ಹಲಗೆಗಳು. ಈಜಿಪ್ಟಿನಲ್ಲಿ ತೇಗ ಬೆಳೆಯುವುದಿಲ್ಲ. ಹಳೆಯ ಹಡಗು ಬಿಚ್ಚಿ, ಅದರ ಮರವನ್ನೇ ಮನೆಗೆ ಬಳಸಿಕೊಂಡಿದ್ದಾರೆ.

ಅದೇ ಬೆರೆನಿಕೆಯ ಕಸದ ಗುಂಡಿಗಳಲ್ಲಿ ಅಕ್ಕಿ, ಹೆಸರುಕಾಳು, ತೆಂಗಿನಕಾಯಿ ಚಿಪ್ಪು, ನೆಲ್ಲಿಕಾಯಿ ಸಿಕ್ಕಿವೆ. ಜೊತೆಗೆ ಭಾರತದ ಅಡುಗೆ ಮಡಕೆಗಳ ಚೂರುಗಳು. ಮೆಣಸು ಮಾರಾಟದ ವಸ್ತು, ಸರಿ. ಹೆಸರುಕಾಳು? ಅಡುಗೆ ಮಡಕೆ? ಯಾರೋ ನಮ್ಮ ಕಡೆಯವರು ಅಲ್ಲಿ ಗಾಳಿ ತಿರುಗುವುದನ್ನು ಕಾಯುತ್ತಾ, ತಮ್ಮ ಊಟವನ್ನು ತಾವೇ ಬೇಯಿಸಿಕೊಳ್ಳುತ್ತಿದ್ದರು ಅನ್ನುವುದೇ ಸಹಜವಾದ ವಿವರಣೆ. ಮುಜಿರಿಸ್‌ನಲ್ಲಿ ಗೋಧಿಗಾಗಿ ಒದ್ದಾಡುವ ಗ್ರೀಕರು, ಬೆರೆನಿಕೆಯಲ್ಲಿ ಅಕ್ಕಿ ಬೇಯಿಸುವ ದಕ್ಷಿಣದವರು. ಪೆರಿಪ್ಲಸ್‌ನ ಒಂದು ಸಾಲನ್ನು ಕಸದ ಗುಂಡಿಯ ಪಕ್ಕ ಇಟ್ಟಾಗ ಮಾತ್ರ ಈ ಚಿತ್ರ ಕಾಣುತ್ತದೆ. ಇಡೀ ವಿಷಯದಲ್ಲಿ ನನಗೆ ತುಂಬಾ ಹತ್ತಿರವಾದ ಸಾಕ್ಷಿ ಇದು.

ಹೆಸರುಗಳೂ ಉಳಿದಿವೆ. ಮಯೋಸ್ ಹೋರ್ಮೋಸ್ ಇದ್ದ ಜಾಗಕ್ಕೆ ಈಗ ಕುಸೈರ್ ಅಲ್ ಕದೀಮ್ ಅನ್ನುತ್ತಾರೆ. ಅಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೆ ತಮಿಳು ಬ್ರಾಹ್ಮಿ ಎಂಬ ಹಳೆಯ ಲಿಪಿಯಲ್ಲಿ ಕಣನ್, ಚಾತನ್ ಎಂಬ ಹೆಸರುಗಳಿವೆ. ಆಫ್ರಿಕಾದ ಕೊಂಬಿನ ಹತ್ತಿರದ ಸೊಕೋತ್ರಾ ದ್ವೀಪದ ಹೋಕ್ ಗುಹೆಯಲ್ಲಿ ಭಾರತೀಯ ನಾವಿಕರು ಬರೆದಿಟ್ಟ ಬ್ರಾಹ್ಮಿ ಬರಹಗಳು ಸುಮಾರು 200 ಇವೆ, ಹೆಚ್ಚಿನವು ಗುಜರಾತಿನ ಕಡೆಯವರದು. 2022ರಲ್ಲಿ ಬೆರೆನಿಕೆಯ ಐಸಿಸ್ ದೇವಾಲಯದಲ್ಲಿ ಒಂದು ಬುದ್ಧನ ವಿಗ್ರಹ ಸಿಕ್ಕಿತು. ಕಲ್ಲು ಇಸ್ತಾಂಬುಲ್‌ನ ದಕ್ಷಿಣದ ಕಡೆಯದು. ಅದೇ ದೇವಾಲಯದಲ್ಲಿ ಫಿಲಿಪ್ ಎಂಬ ರೋಮನ್ ಚಕ್ರವರ್ತಿಯ ಕಾಲದ, ಅಂದರೆ 244-249ರ ನಡುವಿನ, ಸಂಸ್ಕೃತ ಶಾಸನವೂ ಇದೆ. ವ್ಯಾಪಾರವೆಲ್ಲ ಅವರ ಕೈಯಲ್ಲಿತ್ತು, ನಮ್ಮವರು ದಡದಲ್ಲಿ ನಿಂತು ನೋಡುತ್ತಿದ್ದರು ಅನ್ನುವ ಮಾತು ಇವುಗಳ ಮುಂದೆ ನಿಲ್ಲುವುದಿಲ್ಲ.

ಈಚೆ ದಡದಲ್ಲಿ ಕೇರಳದ ಉತ್ತರ ಪರವೂರಿನ ಹತ್ತಿರ ಪಟ್ಟಣಂ ಇದೆ. 2007ರಿಂದ ಅಲ್ಲಿ ಪಿ.ಜೆ. ಚೆರಿಯನ್ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ಮೆಡಿಟರೇನಿಯನ್ ಆಂಫೊರಾಗಳ, ಅಂದರೆ ದ್ರಾಕ್ಷಾರಸ ಮತ್ತು ಎಣ್ಣೆ ತುಂಬುತ್ತಿದ್ದ ಎರಡು ಹಿಡಿಯ ಹೂಜಿಗಳ, ಸಾವಿರಾರು ಚೂರುಗಳು ಬಂದವು. ಇಟ್ಟಿಗೆಯ ಕಟ್ಟೆಯ ಪಕ್ಕ ಒಂದೇ ಮರ ಕೊರೆದು ಮಾಡಿದ, ಸುಮಾರು 6 ಮೀಟರ್ ಉದ್ದದ ದೋಣಿಯೂ ಇತ್ತು. ಇದೇ ಮುಜಿರಿಸ್ ಅಂತ ಹಲವರು ಹೇಳುತ್ತಾರೆ, ಕೆಲವರು ಒಪ್ಪುವುದಿಲ್ಲ. ಮೆಡಿಟರೇನಿಯನ್ ಸರಕು ಇಲ್ಲಿ ರಾಶಿಯಾಗಿ ಇಳಿಯುತ್ತಿತ್ತು ಅನ್ನುವುದರ ಬಗ್ಗೆ ಮಾತ್ರ ಜಗಳವಿಲ್ಲ. ಯವನರ, ಅಂದರೆ ಗ್ರೀಕ್ ಮತ್ತು ರೋಮನ್ ಕಡೆಯವರ, ಹಡಗುಗಳು ನದಿಯ ನೊರೆ ಕದಡುತ್ತಾ ಬಂಗಾರದೊಂದಿಗೆ ಬಂದು ಮೆಣಸಿನೊಂದಿಗೆ ಮರಳುತ್ತವೆ ಎಂದು ಮುಚಿರಿಯನ್ನು ಹಾಡುವ ಹಳೆಯ ತಮಿಳು ಕವಿಗೆ ವಿಯೆನ್ನಾದ ಆ ಸಾಲಪತ್ರ ಗೊತ್ತಿರಲಿಲ್ಲ. ಸಾಲಪತ್ರ ಬರೆಸಿದವನಿಗೆ ಕವಿ ಗೊತ್ತಿರಲಿಲ್ಲ. ಇಬ್ಬರೂ ಹೇಳುವುದು ಒಂದೇ ವಿಷಯ.

ಪುದುಚೇರಿ ಪಕ್ಕದ ಅರಿಕಮೇಡು ನಮಗೆ ಇನ್ನೊಂದು ಕಾರಣಕ್ಕೆ ಮುಖ್ಯ, ಯಾಕಂದರೆ ಆ ಕಥೆ ಚಿತ್ರದುರ್ಗಕ್ಕೆ ಬರುತ್ತದೆ. 1945ರಲ್ಲಿ ಆಗಿನ ಪುರಾತತ್ವ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಅರಿಕಮೇಡನ್ನು ಅಗೆದರು. ಇಟಲಿಯ ಕೆಂಪು ಹೊಳಪಿನ ಅರೆಟೈನ್ ತಟ್ಟೆಗಳ ಚೂರು ಸಿಕ್ಕವು. ಅದರ ಕಾಲ ಇಟಲಿಯಲ್ಲಿ ಚೆನ್ನಾಗಿ ಗೊತ್ತಿತ್ತು, ಕ್ರಿ.ಶ. ಒಂದನೇ ಶತಮಾನದ ಮೊದಲ ಭಾಗ. ಅದೇ ಜಾಗದಲ್ಲಿ ಇನ್ನೊಂದು ಬಗೆಯ ತಟ್ಟೆಯೂ ಸಿಕ್ಕಿತು. ಒಳಗಿನ ತಳದಲ್ಲಿ ಸಣ್ಣ ಸಣ್ಣ ಗೀರುಗಳ ಸುತ್ತು, ರೂಲೆಟೆಡ್ ಅಂತ ಹೆಸರು. ಹಾಗಾದರೆ ಇದರ ಕಾಲವೂ ಗೊತ್ತಾಯಿತು ಅಂದುಕೊಂಡ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಮತ್ತು ಚಂದ್ರವಳ್ಳಿಗೆ ಬಂದರು. ಅಲ್ಲೂ ರೂಲೆಟೆಡ್ ತಟ್ಟೆ ಇತ್ತು. ಆ ಪದರಕ್ಕೆ ಒಂದನೇ ಶತಮಾನದ ಕಾಲ ಕೊಟ್ಟರು. ಅದರ ಕೆಳಗಿದ್ದ ಬೃಹತ್ ಶಿಲಾ ಸಮಾಧಿಗಳ ಪದರಕ್ಕೆ ಅದಕ್ಕಿಂತ ಸ್ವಲ್ಪ ಹಿಂದಿನ ಕಾಲ. ಇನ್ನೂ ಕೆಳಗಿನ ಕಲ್ಲಿನ ಕೊಡಲಿಯವರಿಗೆ ಇನ್ನಷ್ಟು ಹಿಂದಿನ ಕಾಲ. ಹೀಗೆ ಇಟಲಿಯ ಒಂದು ತಟ್ಟೆ ಚೂರು ದಕ್ಷಿಣ ಭಾರತಕ್ಕೆ ಗಡಿಯಾರವಾಯಿತು.

ಆ ಗಡಿಯಾರ ತಪ್ಪಿತ್ತು. ರೂಲೆಟೆಡ್ ತಟ್ಟೆ ಭಾರತದ ಮಣ್ಣಿನದೇ ಅಂತ ಆಮೇಲಿನ ರಾಸಾಯನಿಕ ಪರೀಕ್ಷೆಗಳು ತೋರಿಸಿದವು. ವಿಮಲಾ ಬೇಗ್ಲೆ 1989-92ರಲ್ಲಿ ಅರಿಕಮೇಡನ್ನು ಮತ್ತೆ ಅಗೆದು ನೋಡಿದರು. ರೋಮನ್ನರು ಬರುವ ಮೊದಲೇ ಅದು ಬಳಕೆಯಲ್ಲಿದ್ದ ಊರು, ತಟ್ಟೆಯೂ ಮೊದಲಿನದೇ. ಇಂಗಾಲದ ಕಾಲಗಣನೆ ಬಂದ ಮೇಲೆ ಸಮಾಧಿಗಳು ಹಲವು ಶತಮಾನ ಹಿಂದೆ ಹೋದವು, ಕಲ್ಲಿನ ಕೊಡಲಿಯವರು ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ ಹೋದರು. ವೀಲರ್ ಅಗೆದ ಕ್ರಮ ಅಚ್ಚುಕಟ್ಟಾದದ್ದು, ಅದನ್ನು ಇವತ್ತಿಗೂ ಮೆಚ್ಚಲೇಬೇಕು. ಹೊರಗಿನ ವಸ್ತು ಬಂದ ಮೇಲೇ ಇಲ್ಲಿಯ ಊರುಗಳು ಬೆಳೆದವು ಎಂಬ ನಂಬಿಕೆ ಅವರನ್ನು ದಾರಿ ತಪ್ಪಿಸಿತು.

ನಾಣ್ಯದ ವಿಷಯಕ್ಕೆ ಬರುತ್ತೇನೆ. ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ದಿನಾರಿಗಳು ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೈಲು ದಾರಿಗೆ ಅಗೆಯುವಾಗ ಇಂಥವೇ 163 ನಾಣ್ಯ ಬಂದವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಆವರಣದಲ್ಲಿ 256. ಬೆಂಗಳೂರು ಕಡಲಿನಿಂದ ಎಷ್ಟು ದೂರ! ರೋಮನ್ನರು ಯಶವಂತಪುರಕ್ಕೆ ಬಂದಿದ್ದರು ಅಂತ ಇದನ್ನು ಕೆಲವರು ಬರೆದುಬಿಡುತ್ತಾರೆ. ಸುಮ್ನೆ ಹಾಗೆ ಹೇಳಬಾರದು. ನಾಣ್ಯ ಕೈಯಿಂದ ಕೈಗೆ ಹೋಗುತ್ತದೆ. ಅದರ ಮೇಲಿರುವ ಮುಖ ಅದು ಹೂತುಹೋದ ವರ್ಷವನ್ನೂ ಹೇಳುವುದಿಲ್ಲ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ದಿನಾರಿಯಲ್ಲಿ ಬೆಳ್ಳಿ ಕಡಿಮೆ ಮಾಡಿದ. ಭಾರತದಲ್ಲಿ ಸಿಗುವ ದಿನಾರಿಗಳಲ್ಲಿ ಬಹುಪಾಲು ಅದಕ್ಕಿಂತ ಹಿಂದಿನವು. ಇಲ್ಲಿಯ ಜನ ನಾಣ್ಯದ ಮೇಲಿನ ರಾಜನನ್ನು ನೋಡುತ್ತಿರಲಿಲ್ಲ, ಬೆಳ್ಳಿಯ ತೂಕ ನೋಡುತ್ತಿದ್ದರು. 1898ರಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಿಕ್ಕ 501 ಬಂಗಾರದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಉಳಿಯಿಂದ ಹೊಡೆದ ಗೆರೆ ಇದೆ. ಇನ್ನು ಕೆಲವು ಕಡೆ ನಾಣ್ಯಕ್ಕೆ ತೂತು ಮಾಡಿ, ಕೊಳವೆ ಬೆಸೆದು, ಕೊರಳಿಗೆ ಹಾಕಿಕೊಂಡಿದ್ದಾರೆ. ನಮ್ಮ ಅಜ್ಜಿಯರ ಕಾಸಿನ ಸರ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಂಗಾರ ಎಟಕದವರು ತೆಲಂಗಾಣದ ಕೊಂಡಾಪುರ, ಮಹಾರಾಷ್ಟ್ರದ ತೇರ್ ಮುಂತಾದ ಕಡೆ ರೋಮನ್ ನಾಣ್ಯದ ಅಚ್ಚನ್ನು ಮಣ್ಣಿನಲ್ಲಿ ಒತ್ತಿ ಪದಕ ಮಾಡಿಕೊಂಡರು.

ಬೆಂಗಳೂರಿಗೆ ಈ ಬೆಳ್ಳಿ ಹೇಗೆ ಬಂತು? ಭೂಪಟ ನೋಡಿ. ಪಶ್ಚಿಮ ಘಟ್ಟದಲ್ಲಿ ದೊಡ್ಡ ಬಿರುಕು ಅಂದರೆ ಪಾಲಕ್ಕಾಡ್ ಕಣಿವೆ. ಮುಜಿರಿಸ್ ಕಡೆಯಿಂದ ಒಳನಾಡಿಗೆ ಅದೇ ಸುಲಭದ ದಾರಿ. ಕಣಿವೆಯ ಆಚೆ ಕೊಯಮತ್ತೂರು ಸೀಮೆ. ರೋಮನ್ ನಾಣ್ಯಗಳ ಗಂಟು ದಟ್ಟವಾಗಿ ಸಿಗುವ ಜಾಗ ಅದು. ಬೆರಿಲ್ ಹರಳಿನ ಸೀಮೆಯೂ ಅದೇ. ಹಸಿರು ನೀಲಿ ಛಾಯೆಯ ಈ ಹರಳು ಭಾರತ ಬಿಟ್ಟರೆ ಬೇರೆಡೆ ಅಪರೂಪ ಅಂತ ಪ್ಲಿನಿ ಬರೆದಿದ್ದಾನೆ. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಭೂಗೋಳಜ್ಞ ಟಾಲೆಮಿ ತನ್ನ ಊರುಗಳ ಪಟ್ಟಿಯಲ್ಲಿ ಪುನ್ನಾಟವನ್ನು ಹೆಸರಿಸಿ, ಅಲ್ಲಿ ಬೆರಿಲ್ ಸಿಗುತ್ತದೆ ಅನ್ನುತ್ತಾನೆ. ಪುನ್ನಾಟ ಅಂದರೆ ಕಾವೇರಿ, ಕಪಿಲೆಯ ನಡುವಿನ ನಮ್ಮ ಮೈಸೂರು ಕಡೆಯ ನಾಡು. ಅದರ ರಾಜಧಾನಿ ಕೀರ್ತಿಪುರವನ್ನು ಹೆಗ್ಗಡದೇವನಕೋಟೆ ತಾಲೂಕಿನ ಕಿತ್ತೂರಿನೊಂದಿಗೆ ಗುರುತಿಸುತ್ತಾರೆ. ಟಾಲೆಮಿಯ ಪಟ್ಟಿಯಲ್ಲಿ ಬನವಾಸಿಯೂ ಇದೆ. ಅವನು ಇಲ್ಲಿಗೆ ಬಂದವನಲ್ಲ. ವ್ಯಾಪಾರಿಗಳು ಹೇಳಿದ್ದನ್ನು ಕೇಳಿ ಬರೆದವನು. ಅಲೆಕ್ಸಾಂಡ್ರಿಯಾದ ವ್ಯಾಪಾರಿಯ ಬಾಯಲ್ಲಿ ಪುನ್ನಾಟದ ಹೆಸರು ಬರಬೇಕಾದರೆ ಅಲ್ಲಿಯ ಹರಳಿಗೆ ಅಷ್ಟು ಬೇಡಿಕೆ ಇದ್ದಿರಲೇಬೇಕು.

ಇನ್ನು ನಮ್ಮ ಕರಾವಳಿ. ಇಲ್ಲಿ ಕೂತವರಿಗೆಲ್ಲ ಬೇಕಾದ ಭಾಗ ಇದೇ ಅಂತ ಗೊತ್ತು.

ಪೆರಿಪ್ಲಸ್ ಬರೆದವನು ಕೊಂಕಣದಿಂದ ಕೆಳಗೆ ಬರುತ್ತಾ ಕೆಲವು ದ್ವೀಪಗಳನ್ನು ಹೆಸರಿಸಿ, ಈ ಕಡೆ ಕಡಲ್ಗಳ್ಳರಿದ್ದಾರೆ ಅನ್ನುತ್ತಾನೆ. ಆಮೇಲೆ ಬಿಳಿ ದ್ವೀಪ. ಅಲ್ಲಿಂದ ಸೀದಾ ತಮಿಳರ ನಾಡಿನ ಮೊದಲ ಪೇಟೆಗಳಿಗೆ ಹಾರುತ್ತಾನೆ. ಆ ಬಿಳಿ ದ್ವೀಪ ಮುರುಡೇಶ್ವರದ ಆಚೆಯ ನೇತ್ರಾಣಿ ಅಂತ ಒಂದು ಅಭಿಪ್ರಾಯವಿದೆ. ಕ್ರಿ.ಶ. 77ರ ಪ್ಲಿನಿ ಇನ್ನೂ ಸ್ಪಷ್ಟ. ಮುಜಿರಿಸ್‌ಗೆ ಹೋಗದಿರುವುದು ಒಳ್ಳೆಯದು, ಹತ್ತಿರದಲ್ಲೇ ನಿತ್ರಿಯಾಸ್ ಎಂಬ ಜಾಗ ಹಿಡಿದ ಕಡಲ್ಗಳ್ಳರಿದ್ದಾರೆ. ಹಡಗಿನಲ್ಲಿ ಬಿಲ್ಲುಗಾರರ ಪಡೆಯನ್ನೇ ಒಯ್ಯುತ್ತಿದ್ದರಂತೆ. ಆಮೇಲೆ ಸುಮಾರು 70 ವರ್ಷಕ್ಕೆ ಟಾಲೆಮಿ ಬರೆಯುವಾಗ ಕಡಲ್ಗಳ್ಳರ ಕರಾವಳಿ ಅಂತಲೇ ಶೀರ್ಷಿಕೆ ಇದೆ, ಆದರೆ ಅದರಡಿಯಲ್ಲಿ ನಿತ್ರ ಎಂಬ ಊರಿನ ಮುಂದೆ 'ವ್ಯಾಪಾರದ ಬಂದರು' ಅಂತ ಬರೆದಿದ್ದಾನೆ. ಈ ನಿತ್ರವನ್ನು ಕೆಲವರು ನೇತ್ರಾವತಿಯ ಮಂಗಳೂರು ಅನ್ನುತ್ತಾರೆ, ಕೆಲವರು ನೇತ್ರಾಣಿ ಕಡೆ ತೋರಿಸುತ್ತಾರೆ. ಎರಡರಲ್ಲಿ ಯಾವುದಾದರೂ ಅದು ನಮ್ಮ ದಡವೇ.

ಕಡಲ್ಗಳ್ಳರು ಅನ್ನುವಾಗ ಬೇಸರ ಮಾಡಿಕೊಳ್ಳಬೇಡಿ. ಬಿಲ್ಲುಗಾರರನ್ನು ತುಂಬಿಕೊಂಡು ಬರುವ ಹಡಗನ್ನು ಎದುರಿಸುವುದಕ್ಕೆ ಒಳ್ಳೆಯ ದೋಣಿ ಬೇಕು, ಗಾಳಿಯ ಲೆಕ್ಕ ಬೇಕು, ಒಗ್ಗಟ್ಟು ಬೇಕು. ಒಬ್ಬರ ಕಡಲ್ಗಳ್ಳ ಇನ್ನೊಬ್ಬರಿಗೆ ತಮ್ಮ ನೀರಿನಲ್ಲಿ ಸುಂಕ ಕೇಳುವ ನಾಯಕನೂ ಆಗಿರಬಹುದು. ನಮಗೆ ಸಿಕ್ಕಿರುವುದು ದೂರು ಕೊಟ್ಟವರ ಮಾತು ಮಾತ್ರ.

ಈಗ ಆರನೇ ಶತಮಾನಕ್ಕೆ ಬನ್ನಿ. ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವ್ಯಾಪಾರಿ ಸನ್ಯಾಸಿಯಾಗಿ ಒಂದು ಪುಸ್ತಕ ಬರೆದ. ಅವನು 'ಮಲೆ' ಎಂದು ಕರೆಯುವ ಮಲಬಾರ್ ಕಡೆಯ ದಡದಲ್ಲಿ ಮೆಣಸು ಸಾಗಿಸುವ ಐದು ಬಂದರುಗಳನ್ನು ಹೆಸರಿಸುತ್ತಾನೆ. ಅದರಲ್ಲಿ ಒಂದು 'ಮಂಗರೂಥ್'. ಅದು ಮಂಗಳೂರು! ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಐದು ಮತ್ತು ಆರನೇ ಶತಮಾನದ ಪೂರ್ವ ರೋಮನ್ ಚಕ್ರವರ್ತಿಗಳ ನಲವತ್ತಕ್ಕೂ ಹೆಚ್ಚು ಬಂಗಾರದ ನಾಣ್ಯಗಳ ಗಂಟು ಸಿಕ್ಕಿದೆ. ಘಟ್ಟದ ಮೇಲೆ ಅಕ್ಕಿಆಲೂರು, ಕೆಳಗೆ ಕರಾವಳಿ. ಹಡಗಿನವರು ಹೆದರಿ ದಾಟಿ ಹೋಗುತ್ತಿದ್ದ ದಡ, ಐದು ನೂರು ವರ್ಷಕ್ಕೆ ಹೆಸರಿಟ್ಟು ಬರುವ ಮೆಣಸಿನ ಬಂದರಾಯಿತು. ರೋಮ್ ವ್ಯಾಪಾರ ಅಂದರೆ ಒಂದನೇ ಶತಮಾನ ಮಾತ್ರ ಅಂತ ಓದಿದರೆ ನಮ್ಮ ಪಾಲಿನ ಈ ಕಥೆ ಕಾಣುವುದೇ ಇಲ್ಲ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು.

ಮೊದಲನೆಯದು ನಿರೀಕ್ಷಿಸಿದ್ದೇ. ಗ್ರೀಕ್ ನಾಟಕದಲ್ಲಿ ಕನ್ನಡ ಇದೆಯಂತಲ್ಲ ಸಾರ್? ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪ್ರಹಸನ ಅದು. ಚಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ದಡದ ಒಬ್ಬ ರಾಜನ ಕೈಗೆ ಸಿಕ್ಕಿಬಿದ್ದಿದ್ದಾಳೆ. ಅಣ್ಣ ಬಂದು, ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ರಾಜನ ಕಡೆಯವರ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಮೇಲೆ ದುಡಿದರು. ತುಳು ಅನ್ನುವವರೂ ಇದ್ದಾರೆ, ನಗಿಸುವುದಕ್ಕೆ ಹೊಂದಿಸಿದ ಅರ್ಥವಿಲ್ಲದ ಸದ್ದು ಅನ್ನುವವರೂ ಇದ್ದಾರೆ. ಆ ಸಾಲುಗಳ ಮೇಲೆ ನಾನು ದೊಡ್ಡ ಮನೆ ಕಟ್ಟುವುದಿಲ್ಲ. ಬೇರೊಂದು ವಿಷಯ ನನಗೆ ಮುಖ್ಯ. ನೈಲ್ ಕಣಿವೆಯ ಒಂದು ಊರಿನಲ್ಲಿ ಭಾರತದ ಕರಾವಳಿಯ ಕಥೆ ಆಡಿದರೆ ಜನ ಕೂತು ನೋಡುತ್ತಿದ್ದರು. ಹೋಗಿ ಬಂದವರ ಸುದ್ದಿ ಅಷ್ಟರ ಮಟ್ಟಿಗೆ ಬೀದಿಗೆ ತಲುಪಿತ್ತು.

ಎರಡನೆಯದನ್ನು ಕೇಳಿದವರು ಒಬ್ಬ ಕೃಷಿಕರು. ತೋಟದಲ್ಲಿ ಬಾವಿ ತೆಗೆಸುವಾಗ ಹಳೆಯ ನಾಣ್ಯ, ಮಡಕೆ ಸಿಕ್ಕರೆ ಏನು ಮಾಡಬೇಕು? ನಾಣ್ಯ ಸಿಕ್ಕರೆ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಅವರು ಪುರಾತತ್ವ ಇಲಾಖೆಗೆ ದಾಟಿಸುತ್ತಾರೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಅಗೆಯುವುದನ್ನು ನಿಲ್ಲಿಸಿ, ವಸ್ತು ಇದ್ದ ಜಾಗದಲ್ಲೇ ಇರುವಾಗ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎಷ್ಟು ಅಡಿ ಆಳ, ಮಣ್ಣಿನ ಬಣ್ಣ ಏನು, ಪಕ್ಕದಲ್ಲಿ ಬೇರೆ ಏನಿತ್ತು, ಬರೆದಿಡಿ. ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮಡಕೆ ಚೂರನ್ನು ಬೇಲಿಯಾಚೆ ಎಸೆಯಬೇಡಿ, ಅದರಲ್ಲೂ ದಪ್ಪ ಹಿಡಿಯ ತುಂಡೋ, ಒಳಗೆ ಗೀರಿನ ಸುತ್ತು ಇರುವ ತಟ್ಟೆಯ ತಳವೋ ಇದ್ದರೆ ಖಂಡಿತ ಬೇಡ. ನಾಣ್ಯಕ್ಕಿಂತ ಆ ಚೂರೇ ಹೆಚ್ಚು ಹೇಳಬಹುದು.